ಗೆರೆ ಮಾಸ್ಟರ್ ಬೆಕ್ಕಿಗೆ ಕಿಂಡಿ ಕೊರೆದದ್ದು

ಗೆರೆ ಮಾಸ್ಟರ್ ಎಂದರೆ ಶಾಲೆಯ ಮೇಷ್ಟ್ರಲ್ಲ, ಹೊಲಿಗೆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವರು. ಅಲ್ಲಿ ಕತ್ತರಿಸುವವರು ಒಟ್ಟು ನಾಲ್ಕು ಜನ. ಮೂವರು ರಟ್ಟಿನ ಅಚ್ಚು ಇಟ್ಟು, ಅದರ ಸುತ್ತ ಸೀಮೆಸುಣ್ಣ ಆಡಿಸಿ, ಆ ಗುರುತಿನ ಮೇಲೆ ಕತ್ತರಿಸುವ ಸಾಮಾನ್ಯ ಮನುಷ್ಯರು. ನಾಲ್ಕನೆಯವರು ಇವರು. ಇವರಿಗೆ ಅಚ್ಚೂ ಬೇಡ, ಸ್ಕೇಲೂ ಬೇಡ. ನಲವತ್ತು ಪದರ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಮೇಲಿನ ಪದರಕ್ಕೆ ಮೂರು ಚುಕ್ಕೆ ಇಟ್ಟು, ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ಒಮ್ಮೆ ನೋಡಿ ಸೀಮೆಸುಣ್ಣ ಎಳೆದರೆಂದರೆ ದಾರ ಬಿಗಿದು ಎಳೆದ ಹಾಗೆ ಗೆರೆ ಬೀಳುತ್ತಿತ್ತು. ಮೂವತ್ತೊಂದು ವರ್ಷದಿಂದ ಹೀಗೇ. ಹೊಸ ಮ್ಯಾನೇಜರ್ ಬಂದಾಗಲೆಲ್ಲ ಅವರ ಗೆರೆಗೆ ಒಂದು ಸಲ ಸ್ಕೇಲ್ ಇಟ್ಟು ಪರೀಕ್ಷೆ ಮಾಡುವುದು, ಆಮೇಲೆ ಬೆಪ್ಪಾಗಿ ಸ್ಕೇಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟುಹೋಗುವುದು, ಅದೊಂದು ಪದ್ಧತಿಯೇ ಆಗಿಬಿಟ್ಟಿತ್ತು. ಇಪ್ಪತ್ತೈದು ವರ್ಷ ತುಂಬಿದಾಗ ಕಾರ್ಖಾನೆಯವರು ತಮಾಷೆಗೆಂದೇ ಒಂದು ಸ್ಟೀಲ್ ಸ್ಕೇಲನ್ನು ಬಣ್ಣದ ಕಾಗದದಲ್ಲಿ ಸುತ್ತಿ ಉಡುಗೊರೆ ಕೊಟ್ಟಿದ್ದರು. ಅದು ಮನೆಯ ಬೀರುವಿನಲ್ಲಿ ಹಾಗೇ ಬಿದ್ದಿತ್ತು.

ಇಂಥ ಮನುಷ್ಯನಿಗೆ ಸ್ವಲ್ಪ ಜಂಬ ಇರುವುದು ಸಹಜ. ಮಾಸ್ಟರಿಗೆ ಸ್ವಲ್ಪವಲ್ಲ, ಬೇಕಾದಷ್ಟಿತ್ತು. ಗೋಡೆಯ ಮೇಲಿನ ಕ್ಯಾಲೆಂಡರ್ ಕೂದಲೆಳೆಯಷ್ಟು ಓರೆಯಾಗಿದ್ದರೂ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ನೆಂಟರ ಮನೆಗೆ ಹೋದರೆ ಮೊದಲು ಪರದೆಯ ಅಂಚು ನೋಡುವರು, ಆಮೇಲೆ ಮನೆಯವರ ಮುಖ. "ಇವರನ್ನ ಕರ್ಕೊಂಡು ಹೋಗೋದೂ ಒಂದೇ, ತಪಾಸಣೆಗೆ ಅಧಿಕಾರಿನ ಕರ್ಕೊಂಡು ಹೋಗೋದೂ ಒಂದೇ," ಎಂದು ಅವರ ಹೆಂಡತಿ ಗೊಣಗುತ್ತಿದ್ದರು.

ಈಚೆಗೆ ಒಂದು ವರ್ಷದಿಂದ ಮಾಸ್ಟರ್ ಜಗತ್ತಿನ ಮೇಲೇ ದೂರು ಹೇಳತೊಡಗಿದ್ದರು. ಎದುರುಮನೆಯ ಕಿಟಕಿಯ ಚೌಕಟ್ಟು ಬಾಗಿದೆ, ಗಾರೆಯವನಿಗೆ ಕೆಲಸ ಗೊತ್ತಿಲ್ಲ. ಪೇಪರಿನಲ್ಲಿ ಸಾಲಿನ ನಡುನಡುವೆ ಅಕ್ಷರ ಮಸುಕಾಗಿದೆ, ಅಚ್ಚಿನವರಿಗೆ ಮೈಗಳ್ಳತನ. ಕಾಫಿ ಲೋಟದ ಹೊರಗೆ ಚೆಲ್ಲಿತು, ಲೋಟವೇ ಸರಿಯಿಲ್ಲ. ಅವರ ಲೆಕ್ಕದಲ್ಲಿ ಊರಿನ ಕೆಲಸಗಾರರೆಲ್ಲ ಒಬ್ಬೊಬ್ಬರಾಗಿ ಕೆಟ್ಟುಹೋಗುತ್ತಿದ್ದರು. ಉಳಿದವರು ತಾವೊಬ್ಬರೇ.

ಈಗ ತಂಗಿಯ ವಿಷಯ ಹೇಳಬೇಕು. ಅದನ್ನು ಹೇಳದೆ ಬೆಕ್ಕಿನ ವಿಷಯಕ್ಕೆ ಹೋಗುವಂತಿಲ್ಲ.

ಮಾಸ್ಟರಿಗೆ ಒಬ್ಬಳೇ ತಂಗಿ. ಅವಳಿಗೆ ಹದಿನೆಂಟು ತುಂಬಿದಾಗ ಅಣ್ಣನೇ ಕೈಹಿಡಿದು ತಂದು ಅದೇ ಕಾರ್ಖಾನೆಯ ಏಳನೇ ಮಿಷನ್ನಿನ ಮುಂದೆ ಕೂರಿಸಿದ್ದು. ಸೂಜಿಗೆ ದಾರ ಪೋಣಿಸುವುದರಿಂದ ಹಿಡಿದು ಎಲ್ಲವನ್ನೂ ಅವರೇ ಕಲಿಸಿದ್ದು. "ಬಟ್ಟೆನ ಎಳೀಬೇಡ, ಅಂಚನ್ನ ನಂಬು, ಅಂಚು ಹೋದ ಕಡೆ ನೀನು ಹೋಗು," ಇದು ಅವರ ಮೊದಲ ಪಾಠ. ಅವಳು ಇಪ್ಪತ್ತೆರಡು ವರ್ಷ ಅಂಚು ಹೋದ ಕಡೆ ಹೋದಳು. ಮನೆಯಲ್ಲಿ ಅಣ್ಣ, ಕಾರ್ಖಾನೆಯಲ್ಲಿ ಮಾಸ್ಟರ್. ಒಂದು ದಿನವೂ ಎರಡನ್ನು ಬೆರೆಸಿದವಳಲ್ಲ.

ಮೂರು ತಿಂಗಳ ಹಿಂದೆ ಒಂದು ಆಸ್ಪತ್ರೆಯ ಸಿಬ್ಬಂದಿಗೆಂದು ಹೊಲಿದ ನಾನೂರು ಅಂಗಿ ವಾಪಸು ಬಂದವು. ಗುಂಡಿ ಹಾಕಿದರೆ ಎರಡನೇ ಗುಂಡಿಯಿಂದ ನಾಲ್ಕನೇ ಗುಂಡಿಯವರೆಗೆ ಮುಂಭಾಗ ಒಂದು ಕಡೆಗೆ ಹೊಟ್ಟೆ ಬಿಡುತ್ತಿತ್ತು. ಒಂದಲ್ಲ, ಎರಡಲ್ಲ, ಎಲ್ಲವೂ. ಮುಂಭಾಗ ಹೊಲಿದವಳು ತಂಗಿ, ಕತ್ತರಿಸಿದವರು ಅಣ್ಣ. ಮ್ಯಾನೇಜರ್ ಇಬ್ಬರನ್ನೂ ಮಿಷನ್ನುಗಳ ನಡುವೆಯೇ ನಿಲ್ಲಿಸಿ ಕೇಳಿದ, ತಪ್ಪು ಕಟಿಂಗಿನದೋ ಹೊಲಿಗೆಯದೋ ಎಂದು.

ತಂಗಿ ಅಂದದ್ದು ಒಂದೇ ಮಾತು. "ಮಾಸ್ಟರ್, ಅಂಗಿನ ಒಂದ್ಸಲ ಒಳಮಗ್ಗುಲು ತಿರುಗಿಸಿ ನೋಡಿ."

ಮಾಸ್ಟರ್ ತಿರುಗಿಸಲಿಲ್ಲ. ಮೇಜಿನ ಕೆಳಗೆ ಉಳಿದಿದ್ದ, ಹೊಲಿಯದ ಒಂದು ತುಂಡನ್ನು ಎತ್ತಿಕೊಂಡರು. ಎಡಗಣ್ಣು ಮುಚ್ಚಿ, ಅಂಚಿನ ಉದ್ದಕ್ಕೂ ಬಲಗಣ್ಣು ಓಡಿಸಿದರು. "ನನ್ನ ಮೇಜಿಂದ ಹೋದದ್ದು ನೆಟ್ಟಗೇ ಹೋಗಿದೆ. ಇದು ಹೊಲಿಯುವಾಗ ಎಳೆದದ್ದು," ಎಂದರು.

"ನಿಮ್ಮ ತಂಗಿ ಅಲ್ವಾ ಮಾಸ್ಟರ್," ಎಂದು ಮ್ಯಾನೇಜರೇ ಹಿಂದೆಮುಂದೆ ನೋಡಿದ.

"ತಂಗಿಯಾದ್ರೇನು? ಗೆರೆಗೆ ನೆಂಟಸ್ತನ ಇಲ್ಲ."

ಆ ಮಾತು ಊಟದ ಹೊತ್ತಿಗೆ ಕಾರ್ಖಾನೆಯೆಲ್ಲ ಸುತ್ತಿತು. ಆಡಿದರೆ ಇಂಥ ಮಾತು ಆಡಬೇಕು, ನ್ಯಾಯವಂತ ಅಂದರೆ ಇವನಪ್ಪ ಎಂದು ಜನ ತಲೆದೂಗಿದರು. ಮ್ಯಾನೇಜರ್ ತಂಗಿಯನ್ನು ಕೆಲಸದಿಂದ ತೆಗೆದ. ಸಂಜೆ ಅವಳು ತನ್ನ ಕತ್ತರಿ, ನೀರಿನ ಬಾಟಲಿ, ಕುರ್ಚಿಯ ಮೇಲಿನ ದಿಂಬು ಚೀಲಕ್ಕೆ ಹಾಕಿಕೊಂಡು ಹೋದಳು. ಅಂದಿನಿಂದ ಅಣ್ಣನ ಮನೆಯ ಹೊಸಿಲು ತುಳಿಯಲಿಲ್ಲ. ಒಂದು ಲಾಂಡ್ರಿಯಲ್ಲಿ ದಿನವಿಡೀ ನಿಂತು ಇಸ್ತ್ರಿ ಮಾಡುವ ಕೆಲಸ ಹಿಡಿದಳಂತೆ ಎಂಬ ಸುದ್ದಿ ಬಂತು. ಮಾಸ್ಟರಿಗೆ ಸಂಕಟವಾಗಲಿಲ್ಲ ಎಂದರೆ ಸುಳ್ಳು. ಆದರೆ ಆ ಸಂಕಟದ ಮೇಲೆ ಒಂದು ಹೆಮ್ಮೆಯೂ ಕೂತಿತ್ತು, ಅದೂ ನಿಜ. "ಸಿಟ್ಟು ಇಳಿದ ಮೇಲೆ ಅವಳೇ ಬರ್ತಾಳೆ," ಎನ್ನುತ್ತಿದ್ದರು. ಹೆಂಡತಿ ಆ ಮಾತಿಗೆ ಹೂಂ ಅನ್ನುತ್ತಿರಲಿಲ್ಲ.

ಇನ್ನು ಬೆಕ್ಕು. ಕೆಂಚು ಬಣ್ಣದ ಗಂಡುಬೆಕ್ಕು, ಹೆಂಡತಿ ಸಾಕಿದ್ದು. ಒಳಗಿದ್ದರೆ ಅದಕ್ಕೆ ಹೊರಗೆ ಹೋಗಬೇಕು, ಹೊರಗಿದ್ದರೆ ಒಳಗೆ ಬರಬೇಕು. ಅಡಿಗೆಮನೆಯ ಹಿಂಬಾಗಿಲನ್ನು ದಿನಕ್ಕೆ ಇಪ್ಪತ್ತು ಸಲ ತೆಗೆದು ಹಾಕಿ ಹೆಂಡತಿಯ ಮಂಡಿ ಸವೆದುಹೋಗಿತ್ತು. "ನನ್ನನ್ನ ಇದು ಬಾಗಿಲು ಕಾಯೋಕೆ ನೇಮಿಸ್ಕೊಂಡಿದೆ," ಎಂದು ಅವರು ಒಂದು ದಿನ ಅಂಗಡಿಗೆ ಹೋಗಿ ಬೆಕ್ಕು ಓಡಾಡುವ ಕಿಂಡಿಯನ್ನೇ ಕೊಂಡು ತಂದರು. ತಲೆಯಿಂದ ತಳ್ಳಿದರೆ ತೆರೆದು ತಾನೇ ಮುಚ್ಚಿಕೊಳ್ಳುವ ಪುಟ್ಟ ರೆಕ್ಕೆ, ಅದರ ಸುತ್ತ ಬಿಳಿ ಚೌಕಟ್ಟು, ನಾಲ್ಕು ತಿರುಪು, ಎಲ್ಲಿ ಕತ್ತರಿಸಬೇಕು ಎಂದು ತೋರಿಸುವ ಕಾಗದದ ಅಚ್ಚು, ಎಲ್ಲ ಒಂದೇ ಪೆಟ್ಟಿಗೆಯಲ್ಲಿ.

"ಬಾಗಿಲು ಕೂರಿಸೋನಿಗೆ ಹೇಳಿದ್ದೀನಿ, ಬುಧವಾರ ಬರ್ತಾನಂತೆ," ಎಂದರು ಹೆಂಡತಿ.

ಮಾಸ್ಟರಿಗೆ ಅವಮಾನವಾದಂತಾಯಿತು. "ನಾನು ಮನೇಲಿ ಜೀವಂತ ಇರುವಾಗ ಒಂದು ಪ್ಲಾಸ್ಟಿಕ್ ಹಲಗೆ ಕತ್ತರಿಸೋಕೆ ಇನ್ನೊಬ್ಬ ಬರಬೇಕಾ?"

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಕೆಲಸಕ್ಕೆ ಇಳಿದರು. ಹಿಂಬಾಗಿಲಿನ ಮೇಲರ್ಧ ಗಾಜು, ಕೆಳಗರ್ಧ ಬಿಳಿ ಪ್ಲಾಸ್ಟಿಕ್ ಹಲಗೆ. ಹಲಗೆಯನ್ನು ಚೌಕಟ್ಟಿನಲ್ಲಿ ಹಿಡಿದಿಟ್ಟುಕೊಂಡಿರುವುದು ಒಳಬದಿಯ ನಾಲ್ಕು ಪಟ್ಟಿಗಳು. ಮಾಸ್ಟರ್ ಚಪ್ಪಟೆ ಉಳಿಯ ತುದಿಯನ್ನು ಸಂದಿಗೆ ತೂರಿಸಿ ಪಟ್ಟಿಗಳನ್ನು ಒಂದೊಂದಾಗಿ ಎಬ್ಬಿಸಿದರು. ಎಬ್ಬಿಸಿದ ಪಟ್ಟಿ ಟಪ್ ಅಂತ ಹಾರಿ ಬಂದಾಗ ಬೆಕ್ಕು ಒಲೆಯ ಹಿಂದೆ ಅಡಗಿತು. ಹಲಗೆ ಕಳಚಿ ಊಟದ ಮೇಜಿನ ಮೇಲೆ ಬಂತು. ಎರಡು ತೆಳು ಪ್ಲಾಸ್ಟಿಕ್ ಹಾಳೆ, ನಡುವೆ ಹಳದಿ ಸ್ಪಂಜಿನಂಥ ಪದರ. ಹೆಂಡತಿ ಬೆಕ್ಕನ್ನು ಹಿಡಿದು ನಿಲ್ಲಿಸಿದರು, ಮಾಸ್ಟರ್ ನೆಲದಿಂದ ಅದರ ಹೊಟ್ಟೆಗೆ ಎಷ್ಟು ಎತ್ತರ ಎಂದು ಗೇಣಿನಲ್ಲಿ ಅಳೆದರು. ಕಿಂಡಿಯ ಕೆಳ ಅಂಚು ಅಲ್ಲಿಗೆ ಬರಬೇಕು.

"ಅಚ್ಚು ಇಲ್ಲಿದೆ ನೋಡಿ," ಎಂದು ಹೆಂಡತಿ ಕಾಗದ ಚಾಚಿದರು.

"ಅದನ್ನ ಬಾಗಿಲಿನವನಿಗೆ ಕೊಡು."

ಚುಕ್ಕೆ ಇಟ್ಟರು. ಎಡಗಣ್ಣು ಮುಚ್ಚಿದರು. ನೀಲಿ ಸೀಮೆಸುಣ್ಣ ನಾಲ್ಕು ಸಲ ಸರಿಯಿತು. ಮೂಲೆಗಳಲ್ಲಿ ರಂಧ್ರ ಕೊರೆದು, ಪಕ್ಕದ ಮನೆಯಿಂದ ತಂದ ಕರೆಂಟಿನ ಗರಗಸವನ್ನು ಒಳಗೆ ಇಳಿಸಿ, ತಮ್ಮ ಗೆರೆಯ ಮೇಲೆಯೇ ಕೂದಲಷ್ಟೂ ಆಚೀಚೆಯಾಗದಂತೆ ನಡೆಸಿದರು. ಅಡಿಗೆಮನೆಯ ತುಂಬ ಹಳದಿ ಪುಡಿ ಹಾರಿತು. ಚೌಕ ತುಂಡು ಕಳಚಿ ಬಿದ್ದಾಗ ಮಾಸ್ಟರ್ ಎದೆಯುಬ್ಬಿಸಿ, "ಕೊಡು ಚೌಕಟ್ಟು," ಎಂದರು.

ಚೌಕಟ್ಟು ಕೂರಲಿಲ್ಲ. ಎಡಬದಿಯಲ್ಲಿ ಹಲಗೆ ಅಡ್ಡ ಬಂದು ತಡೆಯಿತು. ಬಲಬದಿಯಲ್ಲಿ ಕಿರುಬೆರಳು ತೂರುವಷ್ಟು ಸಂದಿ.

"ಚೌಕಟ್ಟೇ ಸೊಟ್ಟ ಮಾಡಿದ್ದಾರೆ. ಈಗಿನ ಕಾಲದ ಮಾಲೇ ಇಷ್ಟು," ಎಂದರು ಮಾಸ್ಟರ್.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದರು ಹೆಂಡತಿ, ಪೊರಕೆ ಹುಡುಕುತ್ತ.

ಮಾಸ್ಟರಿಗೆ ರೇಗಿತು. ಬೀರುವಿನಿಂದ ಆ ಉಡುಗೊರೆಯ ಸ್ಟೀಲ್ ಸ್ಕೇಲನ್ನು ತಂದು, ಬಣ್ಣದ ಕಾಗದ ಹರಿದು, ಕೊಯ್ದ ಅಂಚಿಗೆ ತಾಗಿಸಿಟ್ಟರು. ಹೆಂಡತಿಗೆ ಪಾಠ ಕಲಿಸುವುದಕ್ಕೆ. ಎಡಗಣ್ಣು ಮುಚ್ಚಿ ನೋಡಿದರು. ನೋಡಿ ಗಹಗಹಿಸಿ ನಕ್ಕರು.

"ಸ್ಕೇಲೇ ಡೊಂಕು ಕಣೇ! ಇಪ್ಪತ್ತೈದು ವರ್ಷದ ಸೇವೆಗೆ ಡೊಂಕು ಸ್ಕೇಲ್ ಕೊಟ್ಟಿದ್ದಾರೆ!"

ಹೆಂಡತಿಯೂ ಮೊದಲು ನಕ್ಕರು, ಗಂಡ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು. ಆಮೇಲೆ ಹತ್ತಿರ ಬಂದು ಬಗ್ಗಿ ನೋಡಿದರು. ಅವರ ನಗು ನಿಂತಿತು. "ಏನು ಹೇಳ್ತಿದ್ದೀರಿ ನೀವು? ಸ್ಕೇಲ್ ನೆಟ್ಟಗಿದೆ. ನೀವು ಕೊಯ್ದದ್ದು ಸೊಟ್ಟಗಿದೆ."

ಸ್ಕೇಲು ಡೊಂಕೋ ಅಲ್ಲವೋ ಎಂದು ತಿಳಿಯುವುದಕ್ಕೆ ಕತ್ತರಿಸುವವರಲ್ಲಿ ಒಂದು ಹಳೆಯ ಉಪಾಯವಿದೆ. ಸ್ಕೇಲನ್ನು ಮಗುಚಿ ಇಡಬೇಕು. ನಿಜವಾಗಿ ಬಾಗಿದ್ದರೆ ಬಾಗು ಈಗ ಎದುರು ದಿಕ್ಕಿಗೆ ಬರುತ್ತದೆ. ಮಾಸ್ಟರ್ ಮಗುಚಿ ಇಟ್ಟರು. ಬಾಗು ದಿಕ್ಕು ಬದಲಿಸಲಿಲ್ಲ. ಮತ್ತೆ ಮಗುಚಿದರು. ಆಗಲೂ ಅದೇ ಕಡೆಗೇ, ಬಲಕ್ಕೆ, ಅಷ್ಟೇ. ಸ್ಕೇಲು ಬಾಗಿರಲಿಲ್ಲ, ಬಾಗು ಬೇರೆಲ್ಲೋ ಇತ್ತು.

ಅವರು ಬಲಗಣ್ಣು ಮುಚ್ಚಿ ಎಡಗಣ್ಣು ತೆರೆದರು. ಮೂವತ್ತೊಂದು ವರ್ಷದಲ್ಲಿ ಕೆಲಸದ ಮುಂದೆ ನಿಂತು ಹೀಗೆ ನೋಡಿದ್ದು ಅದೇ ಮೊದಲು. ಸ್ಕೇಲು ನೆಟ್ಟಗೆ ಮಲಗಿತ್ತು. ಅದರ ಪಕ್ಕದಲ್ಲಿ ತಾವು ಕೊಯ್ದ ಅಂಚು ನಡುವೆ ಉಬ್ಬಿ, ಮಕ್ಕಳು ಎಳೆದ ಗೆರೆಯ ಹಾಗೆ ಸೊಟ್ಟಗೆ ಹೋಗಿತ್ತು. ಕಣ್ಣು ಬದಲಿಸಿದರು. ಸ್ಕೇಲು ಬಾಗಿತು, ಅಂಚು ನೆಟ್ಟಗಾಯಿತು, ನಟ್ಟನಡುವೆ ಯಾರೋ ಎಂಜಲು ಬೆರಳಿನಿಂದ ಒರೆಸಿದ ಹಾಗೆ ಒಂದು ಮಬ್ಬು. ಮತ್ತೆ ಬದಲಿಸಿದರು. ಮತ್ತೆ. ಮಾಸ್ಟರ್ ಆ ಹಳದಿ ಪುಡಿಯ ಮೇಲೆಯೇ ಕುಸಿದು ಕೂತರು.

ಹೆಂಡತಿ ಹೆದರಿ ನೀರು ತಂದರು. ಕಣ್ಣಿನ ಆಸ್ಪತ್ರೆಗೆ ಫೋನ್ ಮಾಡಿದರು, ಮಂಗಳವಾರ ಬನ್ನಿ ಎಂದರು ಅಲ್ಲಿಯವರು. ಬೆಕ್ಕು ಈ ಗಲಾಟೆ ಯಾವುದನ್ನೂ ಲೆಕ್ಕಕ್ಕಿಡದೆ ಮೇಜಿನ ಮೇಲೆ ಹಾರಿ, ಸೊಟ್ಟ ಕಿಂಡಿಯೊಳಗೆ ತಲೆ ತೂರಿಸಿ ನೋಡಿ, ಪರವಾಗಿಲ್ಲ ಎನ್ನುವಂತೆ ಬಾಲ ಆಡಿಸಿತು.

ನೀರು ಕುಡಿಯುತ್ತ ಕುಡಿಯುತ್ತ ಮಾಸ್ಟರಿಗೆ ಇನ್ನೊಂದು ಹೊಳೆಯಿತು. ಹೊಳೆಯಿತು ಎನ್ನುವುದಕ್ಕಿಂತ ಬಡಿಯಿತು ಎನ್ನಬೇಕು. ಲೋಟ ಕೆಳಗಿಟ್ಟು ಎದ್ದವರೇ ಬೀರುವಿನ ತಳದಿಂದ ಒಂದು ಅಂಗಿ ಎಳೆದರು. ವಾಪಸು ಬಂದ ಆಸ್ಪತ್ರೆಯ ಅಂಗಿಗಳನ್ನು ಕಾರ್ಖಾನೆಯವರು ಕೆಲಸಗಾರರಿಗೇ ಹಂಚಿದ್ದರು. ಮಾಸ್ಟರಿಗೆ ಎರಡು ಸಿಕ್ಕಿದ್ದವು. ಒಂದು ಆಗಲೇ ಒರೆಸುವ ಬಟ್ಟೆಯಾಗಿತ್ತು, ಇನ್ನೊಂದು ಮಡಿಕೆ ಬಿಚ್ಚದೆ ಉಳಿದಿತ್ತು.

ಅಂಗಿಯನ್ನು ಒಳಮಗ್ಗುಲು ತಿರುಗಿಸಿದರು. ಬಲಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡರು.

ಹೊಲಿಯುವವರು ಬಟ್ಟೆ ಎಳೆದರೆ ಒಳಗಡೆ ಗೊತ್ತಾಗಿಬಿಡುತ್ತದೆ. ಹೊಲಿಗೆಗೂ ಬಟ್ಟೆಯ ಅಂಚಿಗೂ ನಡುವಿನ ಜಾಗ ಒಂದು ಕಡೆ ಅಗಲ, ಒಂದು ಕಡೆ ಕಿರಿದು ಇರುತ್ತದೆ. ಯಾವ ಕಲಿಯುವವನಿಗೂ ಮೊದಲ ವಾರ ಹೇಳಿಕೊಡುವ ಮಾತು ಇದು. ಈ ಅಂಗಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಆ ಜಾಗ ಅರ್ಧ ಇಂಚು. ಸ್ಕೇಲ್ ಇಟ್ಟು ಹತ್ತು ಕಡೆ ನೋಡಿದರು, ಹತ್ತು ಕಡೆಯೂ ಅರ್ಧ ಇಂಚು, ಅಕ್ಕಿಕಾಳಷ್ಟೂ ಹೆಚ್ಚುಕಡಿಮೆ ಇಲ್ಲ. ಅಂಚು ಬಲಕ್ಕೆ ಉಬ್ಬಿದಲ್ಲಿ ಹೊಲಿಗೆಯೂ ಬಲಕ್ಕೆ ಉಬ್ಬಿತ್ತು, ಅಂಚು ತಿರುಗಿದಲ್ಲಿ ಅದೂ ತಿರುಗಿತ್ತು. ಅವಳು ಎಳೆದಿರಲಿಲ್ಲ. ಅಣ್ಣ ಹೋದ ದಾರಿಯಲ್ಲಿ ಕಣ್ಣು ಮುಚ್ಚಿಕೊಂಡು ನಡೆದಿದ್ದಳು, ನಾನೂರು ಸಲ.

"ಅಯ್ಯೋ," ಎಂದರು ಮಾಸ್ಟರ್. "ಅಯ್ಯೋ, ಅಯ್ಯೋ."

ಅಂಗಿ ಕೈಯಲ್ಲಿ ಹಿಡಿದೇ ಹೆಂಡತಿಯ ಕಡೆ ತಿರುಗಿದರು. "ನಿನಗೆ ಗೊತ್ತಿತ್ತಾ?"

"ಹೊಲಿಗೆ ನನಗೇನು ಗೊತ್ತು? ಆದ್ರೆ ಅವಳು ಬೇಜವಾಬ್ದಾರಿಯಿಂದ ಕೆಲಸ ಮಾಡೋಳಲ್ಲ ಅಂತ ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಮೂರು ಸಲ ಹೇಳಿದೆ. ಮೂರು ಸಲವೂ ಗೆರೆಗೆ ನೆಂಟಸ್ತನ ಇಲ್ಲ ಅಂದ್ರಿ."

ಮಧ್ಯಾಹ್ನದ ಊಟ ಹಾಗೇ ಉಳಿಯಿತು. ಮಾಸ್ಟರ್ ಅಂಗಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ತಂಗಿಯ ಮನೆ ನಾಲ್ಕು ಬೀದಿ ಆಚೆ, ಮೂರನೇ ಮಹಡಿ. ಮೆಟ್ಟಿಲು ಹತ್ತುವಾಗ ಅಂಚುಗಳೆಲ್ಲ ಓಲಾಡಿದ ಹಾಗಾಗಿ ಗೋಡೆ ಹಿಡಿದುಕೊಂಡರು. ಬೆಳಿಗ್ಗೆಯವರೆಗೂ ಓಲಾಡದ ಮೆಟ್ಟಿಲು ಈಗ ಓಲಾಡುತ್ತಿತ್ತು. ಗೊತ್ತಾದ ಮೇಲೆ ರೋಗಕ್ಕೆ ಧೈರ್ಯ ಬರುತ್ತದೆ.

ತಂಗಿ ಬಾಗಿಲನ್ನು ಅರ್ಧ ತೆರೆದಳು. ಒಳಗೆ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಇಸ್ತ್ರಿಯ ಶಾಖಕ್ಕೆ ಬಲಗೈಯ ಮೇಲೆ ಒಂದು ಕೆಂಪು ಬರೆ ಎದ್ದಿತ್ತು. ಮಾಸ್ಟರ್ ಅಲ್ಲೇ ನಿಂತು ಅಂಗಿ ತೆಗೆದು, ತಿರುಗಿಸಿ, ಹೊಲಿಗೆಯ ಮೇಲೆ ಬೆರಳಿಟ್ಟರು. "ತಪ್ಪು ನಂದು. ನನ್ನ ಕಟಿಂಗು," ಎಂದರು.

"ಗೊತ್ತು."

"ಗೊತ್ತಾ? ಯಾವಾಗಿಂದ?"

"ಮೊದಲನೇ ಅಂಗಿ ಹೊಲಿಯುವಾಗಿಂದ. ಅಂಚು ಹೊಟ್ಟೆ ಬಿಟ್ಟಿತ್ತು. ಮಾಸ್ಟರ್ ಕೊಯ್ದದ್ದು ಸೊಟ್ಟ ಇರೋಕೆ ಸಾಧ್ಯ ಇಲ್ಲ, ಬಟ್ಟೆನೇ ಹೀಗಿರಬೇಕು, ತೊಳೆದ ಮೇಲೆ ಸರಿಹೋಗತ್ತೆ ಅಂದ್ಕೊಂಡೆ." ಅವಳು ಸ್ವಲ್ಪ ನಕ್ಕಳು, ಅದು ಒಳ್ಳೆಯ ನಗುವಲ್ಲ. "ನೋಡು, ನನ್ನ ಕಣ್ಣನ್ನೂ ನಾನು ನಂಬಲಿಲ್ಲ. ನಿನ್ನನ್ನ ನಂಬಿದೆ."

"ನನ್ನ ಕಣ್ಣು ಸರಿಯಿಲ್ಲ. ಇವತ್ತೇ ಗೊತ್ತಾಯ್ತು. ನೆಟ್ಟಗಿರೋದು..."

"ಕಣ್ಣಿನ ಮಾತು ಬೇಡ." ಅವಳ ದನಿ ಏರಿತು. "ಕಣ್ಣು ಯಾರಿಗಾದ್ರೂ ಹೋಗಬಹುದು. ಅದಕ್ಕೆ ನನಗೆ ಸಿಟ್ಟಿಲ್ಲ. ತಿರುಗಿಸಿ ನೋಡಿ ಅಂದೆ. ಅಷ್ಟು ಜನರ ಮುಂದೆ, ಅಷ್ಟು ಮರ್ಯಾದೆ ಕೊಟ್ಟು ಅಂದೆ. ನೀನು ಕೈಗೂ ತಗೊಳ್ಲಿಲ್ಲ. ಒಂದು ಕೇಳ್ತೀನಿ, ನಿಜ ಹೇಳು. ಆವತ್ತು ಏಳನೇ ಮಿಷನ್ನಲ್ಲಿ ಬೇರೆ ಯಾರಾದ್ರೂ ಕೂತಿದ್ರೆ ತಿರುಗಿಸಿ ನೋಡ್ತಿದ್ದೆ ಅಲ್ವಾ?"

ಇಲ್ಲ ಎಂದು ಹೇಳಿಬಿಡಬಹುದಿತ್ತು. ಆದರೆ ಮಾಸ್ಟರಿಗೆ ಆ ದಿನ ಕಣ್ಣೆದುರು ಬಂತು. ಬೇರೆ ಯಾರ ಅಂಗಿಯಾದರೂ ಅವರ ಕೈ ತಾನಾಗಿಯೇ ತಿರುಗಿಸುತ್ತಿತ್ತು, ಅದು ಉಸಿರಾಡಿದಷ್ಟು ಅಭ್ಯಾಸವಾದ ಕೆಲಸ. ಆವತ್ತು ಆ ಕೈಯನ್ನು ಅವರು ಬೇಕೆಂದೇ ತಡೆದಿದ್ದರು. ತಂಗಿಯ ಮಾತು ಕೇಳಿ ತಿರುಗಿಸಿದ ಎಂದು ನಾಲ್ಕು ಜನ ಅಂದಾರು ಎಂದು ತಡೆದಿದ್ದರು. ಊರಿಗೆಲ್ಲ ಕೊಡುವ ನ್ಯಾಯವನ್ನು ಒಡಹುಟ್ಟಿದವಳಿಗೆ ಕೊಟ್ಟಿರಲಿಲ್ಲ, ಅದಕ್ಕೇ ಜನ ಅವರನ್ನು ನ್ಯಾಯವಂತ ಎಂದಿದ್ದರು.

"ಹೌದು, ನೋಡ್ತಿದ್ದೆ," ಎಂದರು.

ತಂಗಿ ಅಂಗಿಯನ್ನು ಮಡಿಸಿ ಅವರ ಚೀಲಕ್ಕೆ ಹಾಕಿದಳು. "ಕೆಲಸಕ್ಕೆ ನಾನು ಬರಲ್ಲ. ಆದ್ರೆ ಅವರು ಇಲ್ಲಿಗೆ ಬಂದು ಕರೀಬೇಕು. ಬರಲ್ಲ ಅಂತ ನನ್ನ ಬಾಯಿಂದ ನಾನೇ ಹೇಳಬೇಕು. ಅಷ್ಟು ಮಾಡಿಸು," ಎಂದು ಬಾಗಿಲು ಹಾಕಿಕೊಂಡಳು.

ಸೋಮವಾರ ಬೆಳಿಗ್ಗೆ ಮಾಸ್ಟರ್ ಕಾರ್ಖಾನೆಗೆ ಹೋದವರು ತಮ್ಮ ಮೇಜಿನ ಹತ್ತಿರ ಹೋಗಲಿಲ್ಲ. ಮ್ಯಾನೇಜರನ್ನು ಕಂಡು ವಿಷಯ ಹೇಳಿದರು. ಅವನ ಮುಖ ಬಿಳುಚಿಕೊಂಡಿತು. "ಒಳಗೆ ಬನ್ನಿ ಮಾಸ್ಟರ್, ಬಾಗಿಲು ಹಾಕ್ಕೊಂಡು ಮಾತಾಡೋಣ. ಒಂದು ಕನ್ನಡಕ ಹಾಕ್ಕೊಂಡ್ರೆ ಆಯ್ತು. ನಿಮ್ಮ ತಂಗಿನ ಸದ್ದಿಲ್ಲದೆ ವಾಪಸು ಕರೆಸ್ಕೊಳ್ಳೋಣ. ಊರಿಗೆಲ್ಲ ಯಾಕೆ ಡಂಗುರ?"

"ಆವತ್ತು ಹೊರಗೇ ಮಾತಾಡಿದ್ದು," ಎಂದರು ಮಾಸ್ಟರ್.

ಮಿಷನ್ನುಗಳು ನಿಂತವು. ಮೂವತ್ತು ಮಿಷನ್ನು ಒಟ್ಟಿಗೆ ನಿಂತರೆ ಕಿವಿಯೇ ಹೋದ ಹಾಗಾಗುತ್ತದೆ. ಮಾಸ್ಟರ್ ಏಳನೇ ಮಿಷನ್ನಿನ ಪಕ್ಕದಲ್ಲಿ ನಿಂತು, ಅಂಗಿಯನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿ ಹಿಡಿದರು. ಭಾಷಣ ಮಾಡಿ ಗೊತ್ತಿದ್ದ ಮನುಷ್ಯನಲ್ಲ. "ಇದು ಅರ್ಧ ಇಂಚು. ಉದ್ದಕ್ಕೂ ಅರ್ಧ ಇಂಚು. ಯಾರು ಬೇಕಾದ್ರೂ ಅಳೀಬಹುದು. ಹೊಲಿದವಳು ಸರಿಯಾಗೇ ಹೊಲಿದಿದ್ದಾಳೆ. ಸೊಟ್ಟ ಕೊಯ್ದವನು ನಾನು. ಗೊತ್ತಿಲ್ಲದೆ ಕೊಯ್ದೆ. ಆದ್ರೆ ತಿರುಗಿಸಿ ನೋಡದೆ ಹೋದದ್ದು ಗೊತ್ತಿದ್ದೇ," ಎಂದರು.

ಮೊದಲು ಎದ್ದು ಬಂದವರು ಹನ್ನೊಂದನೇ ಮಿಷನ್ನಿನ ಅಜ್ಜಿ. ಅವರು ಅಳತೆ ಟೇಪು ಹಿಡಿದು ನಿಜವಾಗಿಯೂ ಅಳೆದರು. ಅಳೆದು ಮಾಸ್ಟರ ಮುಖವನ್ನು ನೋಡಿದ ನೋಟ ಎಷ್ಟು ಕಹಿಯಾಗಿತ್ತೆಂದರೆ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಇನ್ನು ಮೇಲೆ ಕತ್ತರಿಸುವ ಮಿಷನ್ನು ಮುಟ್ಟಬೇಡಿ, ಬೆರಳು ಹೋದೀತು ಎಂದ ಮ್ಯಾನೇಜರ್. ಮಾಸ್ಟರ್ ತಲೆಯಾಡಿಸಿದರು. ಅವಳ ಮನೆಗೇ ಹೋಗಿ ಕರೆಯಬೇಕು ಎಂದು ಮಾಸ್ಟರ್ ಕೇಳಿದರು. ಸಂಜೆ ಹೊಲಿಗೆಯವರೆಲ್ಲ ಸೇರಿ ಒತ್ತಾಯ ಮಾಡಿದ್ದಕ್ಕೆ ಮ್ಯಾನೇಜರ್ ಗೊಣಗುತ್ತಲೇ ಕಾರು ತೆಗೆದ. ಹಿಂದಿನ ಸೀಟಿನಲ್ಲಿ ಮಾಸ್ಟರ್ ಕೈಕಟ್ಟಿ ಕೂತರು.

ತಂಗಿ ಈ ಸಲ ಬಾಗಿಲನ್ನು ಪೂರ್ತಿ ತೆರೆದಳು. ತಲೆ ಬಾಚಿಕೊಂಡು, ಇಸ್ತ್ರಿಯಾದ ಬಟ್ಟೆ ಹಾಕಿಕೊಂಡು ಸಿದ್ಧವಾಗಿದ್ದಳು. ಮ್ಯಾನೇಜರ್ ಗಂಟಲು ಸರಿಮಾಡಿಕೊಂಡು, ತಪ್ಪಾಗಿದೆ, ನಾಳೆಯಿಂದಲೇ ಬನ್ನಿ, ಏಳನೇ ಮಿಷನ್ನು ನಿಮ್ಮದೇ ಎಂದ. ಅವಳು ಅವನನ್ನು ಪೂರ್ತಿ ಮಾತಾಡಲು ಬಿಟ್ಟಳು, ಒಂದಕ್ಷರವೂ ತಪ್ಪದಂತೆ ಕೇಳಿಸಿಕೊಂಡಳು.

"ಬರಲ್ಲ," ಎಂದಳು ಆಮೇಲೆ.

"ಯೋಚನೆ ಮಾಡಿ."

"ಮೂರು ತಿಂಗಳು ಅದೇ ಮಾಡಿದ್ದು. ಬರಲ್ಲ."

ಮ್ಯಾನೇಜರ್ ಮೆಟ್ಟಿಲಿಳಿದು ಹೋದ. ಕಾರು ಹೊರಟ ಸದ್ದು ಕೇಳಿಸಿತು. ಮಾಸ್ಟರ್ ಅಲ್ಲೇ ನಿಂತಿದ್ದರು, ತಾವೂ ಹೋಗಬೇಕೋ ನಿಲ್ಲಬೇಕೋ ತಿಳಿಯದೆ. ತಂಗಿಯ ಮುಖದಲ್ಲಿ ಗೆದ್ದ ಕಳೆ ಇತ್ತು. ಅದನ್ನು ನೋಡಿ ಅವರಿಗೆ ಒಂಥರಾ ಸಮಾಧಾನವೇ ಆಯಿತು.

"ಯಾವ ಕಣ್ಣು?" ಎಂದು ಅವಳು ಕೇಳಿದಳು.

"ಬಲಗಣ್ಣು."

"ಇನ್ನೊಂದನ್ನ ಮುಚ್ಚಿ ನನ್ನನ್ನ ನೋಡು. ಹೇಗೆ ಕಾಣ್ತೀನಿ?"

ಮಾಸ್ಟರ್ ಎಡಗಣ್ಣು ಮುಚ್ಚಿದರು. ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. "ಕೂದಲು ಕಾಣತ್ತೆ. ಕಿವಿ ಕಾಣತ್ತೆ, ಓಲೆ ಕಾಣತ್ತೆ. ಹೆಗಲು ಒಂದು ಕಡೆ ಬಾಗಿದ ಹಾಗಿದೆ." ಕತ್ತು ಮುಂದೆ ಚಾಚಿ ಅಂದರು, "ಮುಖ ಇಲ್ಲ. ಮುಖ ಇರೋ ಕಡೆ ಬರೀ ಬೂದಿ ಬಣ್ಣ."

ತಂಗಿ ನಿಂತಲ್ಲೇ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆ ಗೆದ್ದ ಕಳೆ ಎಲ್ಲಿ ಹೋಯಿತೋ. ಹೆಜ್ಜೆ ಮುಂದಿಟ್ಟು ಅಣ್ಣನ ಮುಖದ ಹತ್ತಿರಕ್ಕೆ ತನ್ನ ಮುಖ ತಂದಳು, ಗೇಣು ದೂರಕ್ಕೆ. "ಈಗ?"

"ಈಗಲೂ ಇಲ್ಲ."

ಅವಳು ಅವರ ರಟ್ಟೆ ಹಿಡಿದು ಒಳಕ್ಕೆ ಎಳೆದು ಕುರ್ಚಿಯ ಮೇಲೆ ಕೂರಿಸಿದಳು. ಕೂರಿಸಿದ ಮೇಲೂ ರಟ್ಟೆ ಬಿಡಲಿಲ್ಲ. "ನಾಳೆ ಆಸ್ಪತ್ರೆ ಎಷ್ಟು ಗಂಟೆಗೆ ತೆಗೀತಾರೆ?" ಎಂದು ಕೇಳಿದಳು.